ಊರಿನ ಕಟ್ಟಿಗೆ ಮನೆಗೊಂದು ಚೈನ್ ಸಾ

ಮುಂಬಯಿಯ ಫ್ಲಾಟಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಕಟ್ಟಿಗೆಯ ಚಿಂತೆ ಯಾಕಪ್ಪಾ ಅಂತ ನೀವು ಕೇಳಬಹುದು. ನಮ್ಮಲ್ಲಿ ಅಡುಗೆಗೆ ಪೈಪ್ ಗ್ಯಾಸು, ಸ್ನಾನಕ್ಕೆ ಗೀಸರು. ಬೆಂಕಿ ಅಂತ ಕಾಣುವುದು ದೇವರ ದೀಪದಲ್ಲಿ ಮಾತ್ರ. ಆದರೂ ಕಳೆದ ಮೂರು ತಿಂಗಳು ಬ್ಯಾಂಕಿನಿಂದ ಬಂದ ಮೇಲೆ ನಾನು ಓದಿದ್ದು, ನೋಡಿದ್ದು, ಕಂಡಕಂಡವರನ್ನು ಕೇಳಿದ್ದು ಒಂದೇ ವಿಷಯ. ಚೈನ್ ಸಾ!

ಕಾರಣ ನನ್ನ ಅಣ್ಣ. ಶಿರಸಿಯ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಈಗ ಇರುವುದು ಅಣ್ಣ, ಅತ್ತಿಗೆ ಇಬ್ಬರೇ. ಅಣ್ಣನಿಗೆ ಅರವತ್ತನಾಲ್ಕು. ಅವರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರು. ಇಪ್ಪತ್ತೈದು ವರ್ಷದಿಂದ ಮಳೆಗಾಲದ ಮೊದಲು ಬಂದು ಕಟ್ಟಿಗೆ ಕಡಿದು, ಒಡೆದು, ಪೇರಿಸಿ ಕೊಡುತ್ತಿದ್ದಾತನಿಗೆ ಮಂಡಿ ನೋವು. "ಇನ್ನು ನನ್ನ ಹತ್ತಿರ ಆಗುವುದಿಲ್ಲ ಹೆಗಡೇರೆ" ಅಂದುಬಿಟ್ಟನಂತೆ. ಬೇರೆಯವರು ಸಿಗುವುದಿಲ್ಲ. ಸಿಕ್ಕರೂ ಕೊಡಲಿ ಹಿಡಿಯುವವರಿಲ್ಲ. ಅಣ್ಣ ಫೋನಿನಲ್ಲಿ, "ಒಂದು ಮಷೀನು ನೋಡು ಮಾರಾಯ, ಮುಂಬಯಿಯಲ್ಲಿ ಎಲ್ಲಾ ಸಿಗುತ್ತದಲ್ಲ" ಅಂದ.

ಮಲೆನಾಡಿನವರಲ್ಲದ ಓದುಗರಿಗೆ ಒಂದು ಮಾತು. ನಮ್ಮ ಕಡೆ ಕಟ್ಟಿಗೆ ಅಂದರೆ ಬರೀ ಅಡುಗೆ ಒಲೆಯಲ್ಲ. ಅಡುಗೆಗೆ ಗ್ಯಾಸ್ ಬಂದು ಬಹಳ ಕಾಲವಾಯಿತು. ಕಟ್ಟಿಗೆ ಬೇಕಾಗುವುದು ಬಚ್ಚಲಿನ ಹಂಡೆಗೆ ಮತ್ತು ಅಡಿಕೆ ಬೇಯಿಸುವುದಕ್ಕೆ. ಕೆಂಪಡಿಕೆ ಮಾಡಬೇಕಾದರೆ ಹಸಿ ಅಡಿಕೆ ಸುಲಿದು, ದೊಡ್ಡ ಹಂಡೆಯಲ್ಲಿ ಬೇಯಿಸಿ, ಆಮೇಲೆ ಒಣಗಿಸಬೇಕು. ಬಚ್ಚಲಿಗೇ ದಿನಕ್ಕೆ ಹತ್ತು ಕಿಲೋ ಹಿಡಿದರೂ ವರ್ಷಕ್ಕೆ ಮೂರೂವರೆ ಟನ್ ದಾಟುತ್ತದೆ. ಸೋಲಾರ್ ಹಾಕಿಸು ಅಂದೆ. "ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನನ್ನು ನೀನು ಕಳಿಸಿಕೊಡು" ಅಂದ. ಗೀಸರ್ ಅಂದೆ. ಜೋರು ಮಳೆ ಬಂದರೆ ಎರಡು ದಿನ ಕರೆಂಟಿಲ್ಲ. ವಾದ ಅಲ್ಲಿಗೆ ಮುಗಿಯಿತು.

ಬ್ಯಾಂಕಿನವನ ಬುದ್ಧಿ ನೋಡಿ, ಇದನ್ನೂ ಒಂದು ಸಾಲದ ಅರ್ಜಿಯ ಹಾಗೆ ಕೈಗೆತ್ತಿಕೊಂಡೆ. ಅಗತ್ಯ ಏನು? ಸಾಮರ್ಥ್ಯ ಎಷ್ಟು? ರಿಪೇರಿ ಎಲ್ಲಿ? ನಡೆಸುವವರು ಯಾರು? ಬಿ.ಕಾಂ. ಓದಿದವನಿಗೆ ಎಂಜಿನ್ ಗೊತ್ತಿಲ್ಲದಿದ್ದರೂ ಈ ನಾಲ್ಕು ಪ್ರಶ್ನೆ ಗೊತ್ತು.

ಮೊದಲು ಕಣ್ಣಿಗೆ ಬಿದ್ದಿದ್ದು ಆನ್‌ಲೈನಿನಲ್ಲಿ ರಾಶಿ ಬಿದ್ದಿರುವ ಅಗ್ಗದ ಮಷೀನುಗಳು. 58 ಸಿಸಿ, 22 ಇಂಚಿನ ಬಾರು. ಚಿತ್ರದಲ್ಲಿ ಭೀಮನ ಗದೆಯ ಹಾಗೆ ಕಾಣುತ್ತದೆ. ಅಣ್ಣನಿಗೆ ಅದೇ ಇಷ್ಟವಾಯಿತು. "ಎಂಥ ದಿಮ್ಮಿಯಾದರೂ ಆಗುತ್ತದೆ!" ಸರಿ, ಆದರೆ ಬಾರು, ಚೈನು, ಎಣ್ಣೆ, ಪೆಟ್ರೋಲು ಎಲ್ಲಾ ಸೇರಿ ಆರು ಕಿಲೋ ದಾಟುವ ವಸ್ತುವನ್ನು ಬಗ್ಗಿ ಹಿಡಿದು ಅರ್ಧ ಗಂಟೆ ನಿಲ್ಲುವವರು ಯಾರು? ಮೂರನೇ ತಿಂಗಳು ಸ್ಟಾರ್ಟರ್ ಹಗ್ಗ ತುಂಡಾದರೆ, ಕಾರ್ಬುರೇಟರ್ ಕೈಕೊಟ್ಟರೆ ಬಿಡಿಭಾಗ ಎಲ್ಲಿ? ಬಿಡಿಭಾಗ ಸಿಗದೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಟಿಲ್ಲರುಗಳನ್ನು ಇನ್‌ಸ್ಪೆಕ್ಷನ್ನಿಗೆ ಹೋದಾಗ ನಾನು ಸಾಕಷ್ಟು ನೋಡಿದ್ದೇನೆ. ಹಾಗಾಗಿ ಮುಂಬಯಿಯಲ್ಲಿ ಕೊಂಡು ಕಳಿಸುವ ಯೋಚನೆಯನ್ನೇ ಬಿಟ್ಟೆ. ರಿಪೇರಿ ಮಾಡುವ ಅಂಗಡಿ ಎಲ್ಲಿದೆಯೋ ಅಲ್ಲೇ ಕೊಳ್ಳಬೇಕು.

ಎರಡನೆಯದು ವೈರಿನ ಕರೆಂಟ್ ಮಷೀನು. ಹೊಗೆಯಿಲ್ಲ, ಶಬ್ದ ಕಡಿಮೆ, ಗುಂಡಿ ಒತ್ತಿದರೆ ಶುರು. 2000 ವಾಟ್ ಅಂದರೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ನಮ್ಮ ಮನೆಯ ಹಿತ್ತಿಲಿನ ವೋಲ್ಟೇಜು ನೋಡಿದರೆ ಮೋಟಾರು ಬಿಸಿಯಾಗಿ ಕೂರುವುದೇ ಹೆಚ್ಚು. ಜೊತೆಗೆ ಒದ್ದೆ ಅಂಗಳ, ಕಾಲಿಗೆ ಸುತ್ತುವ ವೈರು. ಪಟ್ಟಣದ ಅಂಚಿನಲ್ಲಿ, ಒಳ್ಳೇ ಕರೆಂಟಿರುವ ಕಡೆ, ಶೆಡ್ಡಿನ ಒಳಗೇ ಕೊಯ್ಯುವವರಿಗೆ ಇದು ಒಳ್ಳೇ ಆಯ್ಕೆ. ನಮಗಲ್ಲ.

ಮೂರನೆಯದು ಬ್ಯಾಟರಿಯದು. ಹಗುರ, ಬೇಕಾದಾಗ ಮಾತ್ರ ತಿರುಗುತ್ತದೆ, ಕೊಂಬೆ ಸವರಲು ಬಹಳ ಚೆನ್ನ. ಒಂದು ಚಾರ್ಜಿನಲ್ಲಿ ದಪ್ಪ ಮತ್ತಿ, ಅಕೇಶಿಯಾ ಕುಂಟೆ ಕೊಯ್ಯುತ್ತಾ ಹೋದರೆ ಬೇಗ ಮುಗಿಯುತ್ತದೆ. ಎರಡನೇ ಬ್ಯಾಟರಿಯ ಬೆಲೆ ಕೇಳಿ ನಾನು ಕೂತಲ್ಲೇ ನೀರು ಕುಡಿದೆ.

ಕೊನೆಗೆ ಉಳಿದಿದ್ದು ಸಣ್ಣ ಪೆಟ್ರೋಲ್ ಮಷೀನು. ಸ್ಟಿಲ್, ಹಸ್ಕ್‌ವರ್ನಾ ಈ ಎರಡು ಹೆಸರು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಮೊದಲನೆಯದು ಜರ್ಮನಿಯದು, ಎರಡನೆಯದು ಸ್ವೀಡನ್ನಿನದು. ನಾನು ಅಳತೆಗೋಲು ಮಾಡಿಕೊಂಡಿದ್ದು ಸ್ಟಿಲ್ ಎಂಎಸ್ 180. 31.8 ಸಿಸಿ, ಒಂದೂವರೆ ಕಿಲೋವಾಟ್, ಬಾರು ಚೈನು ಬಿಟ್ಟು ತೂಕ ಸುಮಾರು 4 ಕಿಲೋ. ಇದಕ್ಕೆ 14 ಅಥವಾ 16 ಇಂಚಿನ ಬಾರು. ಹತ್ತು ಹನ್ನೆರಡು ಇಂಚಿನ ಕುಂಟೆಗೆ 14 ಇಂಚು ಧಾರಾಳ.

"ಹಾಗಾದರೆ ದೊಡ್ಡ ದಿಮ್ಮಿಗೆ?" ಅಂತ ಅಣ್ಣನ ಪ್ರಶ್ನೆ. ವರ್ಷಕ್ಕೆ ಒಂದೆರಡು ದೊಡ್ಡ ದಿಮ್ಮಿ ಬಂದರೆ ಬಂತು. ನಮ್ಮೂರಿನಲ್ಲಿ ಈಗ ಸ್ವಂತ ಮಷೀನು ಇಟ್ಟುಕೊಂಡು ಗಂಟೆ ಲೆಕ್ಕದಲ್ಲಿ ಬರುವ ಹುಡುಗರಿದ್ದಾರೆ. ಆ ದಿನ ಅವರನ್ನು ಕರೆಯೋಣ. ಎರಡು ದಿನದ ಕೆಲಸಕ್ಕೆ ಬೇಕಾದ ಮಷೀನನ್ನು ಮುನ್ನೂರ ಅರವತ್ತೈದು ದಿನ ಯಾಕೆ ಹೊರಬೇಕು? ಇನ್ನೊಂದು ಮಾತನ್ನೂ ಹೇಳಿದೆ. ಮಷೀನು ಬಂತೆಂದು ನಿಂತ ಮರಕ್ಕೆ ಕೈ ಹಾಕುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಾಗದ ಮರ ಕಡಿಯಲೂ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ತೆಂಗಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಇಷ್ಟರ ತನಕ ಎಲ್ಲಾ ಸಲೀಸಾಗಿತ್ತು. ಗಲಾಟೆಯಾಗಿದ್ದು ನಾಲ್ಕನೇ ಪ್ರಶ್ನೆಗೆ. ನಡೆಸುವವರು ಯಾರು?

ನಮ್ಮ ಪಕ್ಕದ ಊರಿನಲ್ಲಿ ಒಬ್ಬರಿಗೆ ಕಳೆದ ವರ್ಷ ಮಷೀನು ತೊಡೆಗೆ ಬಡಿದಿತ್ತು. ಲುಂಗಿ ಉಟ್ಟು, ಹವಾಯಿ ಚಪ್ಪಲಿ ಹಾಕಿಕೊಂಡು, ಒಬ್ಬರೇ ತೋಟದಲ್ಲಿ ಕೊಯ್ಯುತ್ತಿದ್ದರು. ಬದುಕಿಕೊಂಡರು, ಆದರೆ ಈಗಲೂ ಕಾಲೆಳೆದು ನಡೆಯುತ್ತಾರೆ. ಇದನ್ನು ನನಗೆ ಹೇಳಿದ್ದು ಅಣ್ಣನಲ್ಲ, ಅತ್ತಿಗೆ. ಅಣ್ಣ ತೋಟಕ್ಕೆ ಹೋದ ಹೊತ್ತು ನೋಡಿ ಫೋನ್ ಮಾಡಿದ್ದರು. "ನೀನು ಮಷೀನು ಕೊಡಿಸುತ್ತೀಯ, ಅವರು ಖುಷಿಯಾಗಿ ಹಿಡಿಯುತ್ತಾರೆ. ಏನಾದರೂ ಆದರೆ ಎತ್ತಿಕೊಂಡು ಹೋಗಲು ಇಲ್ಲಿ ಇರುವುದು ನಾನೊಬ್ಬಳೇ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೂರ್ತಿ ವೇಗದಲ್ಲಿ ಈ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಬಾರಿನ ಮೂತಿಯ ಮೇಲಂಚು ಯಾವುದಾದರೂ ಕೊಂಬೆಗೆ ತಗುಲಿದರೆ ಸಾಕು, ಮಷೀನು ಕಣ್ಣು ಮಿಟುಕಿಸುವುದರೊಳಗೆ ಹಿಡಿದವರ ಮುಖದ ಕಡೆ ಚಿಮ್ಮುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಅನ್ನುತ್ತಾರೆ. ಅದಕ್ಕೇ ಒಳ್ಳೇ ಮಷೀನಿನಲ್ಲಿ ಚೈನ್ ಬ್ರೇಕ್ ಇರುತ್ತದೆ. ಎಡಗೈ ಮುಂದಿನ ತಡೆಗೆ ತಗುಲಿದರೆ, ಅಥವಾ ಆ ಚಿಮ್ಮಿದ ರಭಸಕ್ಕೇ, ಚೈನು ಗಕ್ಕನೆ ನಿಲ್ಲುತ್ತದೆ. ತೊಡೆ ಕಾಯುವ ಪ್ಯಾಂಟು ಬೇರೆ ಸಿಗುತ್ತದೆ. ಅದರ ಒಳಗಿನ ಉದ್ದನೆಯ ನಾರು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಚೈನನ್ನು ಕಟ್ಟಿಹಾಕುತ್ತದೆ.

ಮರುದಿನ ಅಣ್ಣನಿಗೆ ಕಂಡೀಶನ್ ಹೇಳಿದೆ. ಪ್ಯಾಂಟು, ಮುಖಕ್ಕೆ ಜಾಳಿಗೆ ಇರುವ ಹೆಲ್ಮೆಟ್ಟು, ಕಿವಿಮುಚ್ಚಿಗೆ, ಬೂಟು. ಒಬ್ಬನೇ ಇದ್ದಾಗ ಮಷೀನು ಮುಟ್ಟಬಾರದು. ಭುಜಕ್ಕಿಂತ ಮೇಲೆ ಎತ್ತಬಾರದು. ಇವಿಷ್ಟಕ್ಕೆ ಒಪ್ಪಿದರೆ ಮಾತ್ರ ದುಡ್ಡು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಣ್ಣ ಮೆಲ್ಲಗೆ, "ನಾನು ನಿನ್ನ ಹತ್ತಿರ ಸಾಲಕ್ಕೆ ಬಂದಿದ್ದಾ? ಈ ಮನೆ ಒಲೆ ಆರದ ಹಾಗೆ ನೋಡಿಕೊಂಡಿದ್ದು ನಾನು. ಮೂವತ್ತು ವರ್ಷದಲ್ಲಿ ನೀನು ಎಷ್ಟು ಕುಂಟೆ ಒಡೆದಿದ್ದೀಯ?" ಅಂದ. ಫೋನ್ ಇಟ್ಟ.

ಏನು ಹೇಳಲಿ? ಊರು ಬಿಟ್ಟು ಬಂದ ನಮ್ಮಂಥವರೆಲ್ಲ ಈ ಮಾತನ್ನು ಒಂದಲ್ಲ ಒಂದು ದಿನ ಕೇಳಿಯೇ ಇರುತ್ತೇವೆ. ಹಬ್ಬಕ್ಕೆ ಹೋಗಿ ಹಂಡೆ ತುಂಬಾ ಬಿಸಿನೀರು ಹೊಯ್ದುಕೊಂಡು, "ಆಹಾ, ಈ ಸುಖ ಮುಂಬಯಿಯಲ್ಲಿಲ್ಲ" ಅನ್ನುತ್ತೇವೆ. ಆ ನೀರಿನ ಹಿಂದೆ ಯಾರದೋ ಬೆನ್ನಿದೆ. ಆದರೂ ಕಂಡೀಶನ್ ಸಡಿಲ ಮಾಡಲು ನನಗೆ ಮನಸ್ಸಾಗಲಿಲ್ಲ. ಕಾಲು ಅವನದೇ, ಆದರೆ ಅಣ್ಣ ನನಗೂ ಒಬ್ಬನೇ ತಾನೆ?

ನಾಲ್ಕು ದಿನ ಬಿಟ್ಟು ಅವನೇ ಫೋನ್ ಮಾಡಿದ. "ಅರ್ಧ ದುಡ್ಡು ನನ್ನದು. ಆಗ ಕಂಡೀಶನ್ನೂ ಅರ್ಧ ನನ್ನದು. ಹೆಲ್ಮೆಟ್ಟು, ಪ್ಯಾಂಟು ಹಾಕುತ್ತೇನೆ. ದೊಡ್ಡ ದಿಮ್ಮಿ ಮುಟ್ಟುವುದಿಲ್ಲ. ನಿನ್ನ ಅತ್ತಿಗೆ ಎದುರಿಗೆ ಕೂತಿದ್ದರೆ ಮಾತ್ರ ಶುರು ಮಾಡುತ್ತೇನೆ. ಆದರೆ ದೀಪಾವಳಿಗೆ ಬಂದಾಗ ಒಡೆಯುವ ಕೆಲಸ ನಿನ್ನದು."

ಇದು ನ್ಯಾಯವಾದ ಕರಾರು. ಯಾಕೆಂದರೆ ಚೈನ್ ಸಾ ಕಟ್ಟಿಗೆ ಒಡೆಯುವುದಿಲ್ಲ, ಅಡ್ಡಕ್ಕೆ ತುಂಡು ಮಾಡುತ್ತದೆ ಅಷ್ಟೆ. ಒಂದೂವರೆ ಅಡಿಯ ತುಂಡು ಮಾಡಿಕೊಂಡರೆ ಕೊಡಲಿಗೆ ಸುಲಭ, ಸೀಳಿದ ಮೇಲೆ ಒಣಗುವುದೂ ಬೇಗ. ಆದರೆ ಕೊಡಲಿ ತಪ್ಪುವುದಿಲ್ಲ!

ಮಷೀನು ಶಿರಸಿಯಲ್ಲೇ ಕೊಂಡೆವು. ನಿಮಗೆ ಉಪಯೋಗವಾಗಲಿ ಅಂತ ಒಂದೆರಡು ಮಾತು. ಲೀಟರ್ ಪೆಟ್ರೋಲಿಗೆ 20 ಮಿಲೀ ಟೂ ಸ್ಟ್ರೋಕ್ ಎಣ್ಣೆ, ಅಂದರೆ ಐವತ್ತಕ್ಕೆ ಒಂದು. ಚೈನಿನ ಎಣ್ಣೆ ಬೇರೆ, ಅದರ ಟ್ಯಾಂಕೂ ಬೇರೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಅದು ನೀರಿನ ಪಸೆ ಹೀರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಮಷೀನು ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಿ. ಕುಂಟೆಯನ್ನು ನೆಲದ ಮೇಲಿಟ್ಟು ಕೊಯ್ಯಬೇಡಿ, ಚೈನು ಮಣ್ಣಿಗೆ ಒಮ್ಮೆ ತಾಗಿದರೂ ಹರಿತ ಹೋಗುತ್ತದೆ. ನಾಲ್ಕು ಗೂಟದ ಒಂದು ಕತ್ತರಿ ಸ್ಟ್ಯಾಂಡು ಮಾಡಿಸಿ. ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಬಂದರೆ ಅರ ಹಿಡಿಯುವ ಕಾಲ ಬಂತು ಅಂತ. ಎಂಎಸ್ 180ರ ಮಾಮೂಲಿ ಚೈನಿಗೆ 4 ಮಿಲೀಮೀಟರಿನ ದುಂಡು ಅರ.

ಒಟ್ಟಿನಲ್ಲಿ ನನಗೆ ಕಂಡಿದ್ದು ಇಷ್ಟೆ. ಚೈನ್ ಸಾ ಆರಿಸುವಾಗ ಮನೆಯ ಅತಿ ದೊಡ್ಡ ದಿಮ್ಮಿಯನ್ನು ನೋಡಬೇಡಿ. ಅದನ್ನು ಹಿಡಿಯುವವರು ಸಂಜೆ ಸುಸ್ತಾದ ಹೊತ್ತಿನಲ್ಲಿ ಎಷ್ಟು ಭಾರ ತಡೆಯುತ್ತಾರೆ, ಆಗ ಹತ್ತಿರ ಯಾರಿರುತ್ತಾರೆ, ಅದನ್ನು ನೋಡಿ.

ದೀಪಾವಳಿಗೆ ಟಿಕೆಟ್ ತೆಗೆಸಿದ್ದೇನೆ. ಕುಮಟಾ ತನಕ ರೈಲು, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಬಸ್ಸು. ನಿಮ್ಮ ಊರಿನ ಮನೆಯಲ್ಲಿ ಈಗ ಕಟ್ಟಿಗೆ ಒಡೆಯುವವರು ಯಾರು? ಈ ಭಾನುವಾರ ಒಂದು ಫೋನ್ ಮಾಡಿ ಕೇಳಿ ನೋಡಿ.