ಚಕ್ಕೋತ ಬಿಟ್ಟು, ಸ್ವೆಟರ್ ಹಿಡಿದು

ನಮ್ಮ ಕುಂದಾಣದಲ್ಲಿ ಮಾಳಿಗೆ ಮೇಲೆ ಹಪ್ಪಳ ಒಣಗಿಸುವಾಗ ನೆತ್ತಿಯ ಮೇಲೆ ವಿಮಾನ ಹೋದರೆ ಈಗ ಯಾರೂ ಕತ್ತೆತ್ತುವುದಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಹೊಸತರಲ್ಲಿ ನನ್ನ ತರಗತಿಯ ಮಕ್ಕಳು ಮಗ್ಗಿ ಅರ್ಧಕ್ಕೇ ಬಿಟ್ಟು ಕಿಟಕಿಗೆ ಓಡುತ್ತಿದ್ದರು. ಆ ಮಕ್ಕಳಲ್ಲೇ ಒಬ್ಬ ಈಗ ಅಲ್ಲಿ ಕ್ಯಾಬ್ ಓಡಿಸುತ್ತಾನೆ. 2024ರ ಜೂನ್‌ನಲ್ಲಿ ಮಗಳ ಬಾಣಂತನಕ್ಕೆಂದು ನಾನು ಅಮೆರಿಕಕ್ಕೆ ಹೊರಟದ್ದು ಅವನ ಕ್ಯಾಬಿನಲ್ಲೇ. ಮನೆಯಿಂದ ವಿಮಾನಕ್ಕೆ ಅರ್ಧ ಗಂಟೆ ದಾರಿ. ವೀಸಾಕ್ಕೆ ಮಾತ್ರ ರಾತ್ರಿ ರೈಲು ಹಿಡಿದು ಚೆನ್ನೈಗೆ ಹೋಗಿಬಂದಿದ್ದೆ. ಬೆಂಗಳೂರಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು ನಾನು ವಾಪಸು ಬಂದಮೇಲೆ, 2025ರ ಜನವರಿಯಲ್ಲಿ. ಆಗಲೂ ವೀಸಾ ಕೊಡುವ ಕೆಲಸ ಶುರುವಾಗಲಿಲ್ಲ.

ಈಗ ಪಕ್ಕದ ಮನೆಯ ಅಕ್ಕಯ್ಯ ಮಗನ ಹತ್ತಿರ ಹೊರಟಿದ್ದಾರೆ. ದಿನಾ ಸಂಜೆ ಜಗಲಿ ಮೇಲೆ ಕೂತು, "ಟೀಚರಮ್ಮ, ಇನ್ನೊಂದ್ಸಲ ಹೇಳಿ, ಅಲ್ಲಿ ಏನೇನು ಹುಷಾರಾಗಿರ್ಬೇಕು?" ಅಂತಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಬರೆದೇಬಿಡೋಣ ಅನ್ನಿಸಿತು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನಾನು ಹೋದದ್ದು ನೇರ ವಿಮಾನದಲ್ಲಿ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಹೆಣ್ಣುಮಕ್ಕಳೇ ಉತ್ತರ ಧ್ರುವದ ಮೇಲೆ ಹಾರಿಸಿಕೊಂಡು ಬಂದು ನಮ್ಮೂರ ಪಕ್ಕ ಇಳಿಸಿದ್ದರಲ್ಲ, ಅದೇ ಎರಡು ಊರುಗಳ ನಡುವೆ. ಸುಮಾರು 14,000 ಕಿಲೋಮೀಟರ್, ಹದಿನಾರು ಗಂಟೆಯ ಮೇಲೆ. ಮಧ್ಯಾಹ್ನ ಹೊರಟವಳು ಅದೇ ತಾರೀಖಿನ ಸಂಜೆ ಇಳಿದೆ. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ನಮಗಿಂತ ಹಿಂದಿರುತ್ತೆ ಆ ಊರು. ಗಂಟೆಗೊಮ್ಮೆ ಎದ್ದು ಓಡಾಡಿ, ಕಾಲು ಊದಿಕೊಳ್ಳುತ್ತೆ. ಮಾತ್ರೆಗಳನ್ನು ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿಗೆ ಹಾಕಬೇಡಿ.

ಸೂಟ್‌ಕೇಸ್ ಅಂದೆ, ನನ್ನ ದೊಡ್ಡ ತಪ್ಪು ಇದ್ದದ್ದು ಅದರೊಳಗೇ. ಬಸುರಿ ಮಗಳು ದೇವನಹಳ್ಳಿ ಚಕ್ಕೋತ ತಿನ್ನಬೇಕು ಅಂತ ಫೋನಿನಲ್ಲಿ ಬಾಯಿ ಚಪ್ಪರಿಸಿದ್ದಳು. ನಮ್ಮ ಕಡೆ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ, ಒಳಗೆ ಕೆಂಪು ತೊಳೆ, ಕಹಿ ಇಲ್ಲ. ಒಂದು ದಪ್ಪನೆಯದನ್ನು ಹಳೆ ಪಂಚೆಯಲ್ಲಿ ಸುತ್ತಿ, ಪಕ್ಕದಲ್ಲಿ ಹಿತ್ತಲ ಕರಿಬೇವು ಒಂದು ಕಟ್ಟು ಇಟ್ಟಿದ್ದೆ. ಲಗೇಜು ಬರುವ ಪಟ್ಟಿಯ ಹತ್ತಿರ ಮೋಟು ಕಾಲಿನ, ಜೋಲು ಕಿವಿಯ ನಾಯಿ ಒಂದು ಎಲ್ಲರ ಚೀಲ ಮೂಸುತ್ತಾ ಬಂದು ನನ್ನ ಸೂಟ್‌ಕೇಸಿನ ಮುಂದೆ ಕೂತೇಬಿಟ್ಟಿತು. ಬೊಗಳಲಿಲ್ಲ, ಸುಮ್ಮನೆ ಕೂತು ಯಜಮಾನನ ಮುಖ ನೋಡಿತು. "ಅಮ್ಮಾ, ಕೇಳಿದ್ರೆ ಎಲ್ಲಾ ಹೇಳಿಬಿಡು, ಮುಚ್ಚಿಟ್ರೆ ದಂಡ" ಅಂತ ಮಗಳು ಮೊದಲೇ ಹೇಳಿದ್ದು ಜ್ಞಾಪಕವಿತ್ತು. ಅಧಿಕಾರಿ ಬಾಯಿ ತೆರೆಯುವ ಮುಂಚೆಯೇ ಫ್ರೂಟ್, ಲೀವ್ಸ್ ಅಂತ ಒಪ್ಪಿಸಿಬಿಟ್ಟೆ. ದಂಡ ಹಾಕಲಿಲ್ಲ. ಚಕ್ಕೋತವನ್ನು ಎರಡೂ ಕೈಯಲ್ಲಿ ಎತ್ತಿ, ತೂಕ ನೋಡಿ, ಬಿಗ್ ಒನ್ ಅಂತ ನಕ್ಕು ಡಬ್ಬಕ್ಕೆ ಹಾಕಿದ. ಕರಿಬೇವೂ ಹೋಯಿತು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಿಗೆ ರೋಗ ಅಂಟಿಸುವ ಒಂದು ಚಿಕ್ಕ ಹುಳು ನಿಂಬೆ ಜಾತಿಯ ಗಿಡದಲ್ಲೂ ಕರಿಬೇವಿನಲ್ಲೂ ಬದುಕುತ್ತದಂತೆ. ಎರಡೂ ಒಂದೇ ಕುಟುಂಬದ ಗಿಡಗಳು. ತೋಟದವರ ಊರಿನಿಂದ ಹೋದ ನನಗೆ ಅದು ಅರ್ಥವಾಯಿತು, ಆದರೂ ಹೊರಗೆ ಬಂದು ಮಗಳ ಮುಖ ನೋಡಿದಾಗ ಹೊಟ್ಟೆ ಉರಿಯಿತು.

ಮಗಳ ಮನೆ ಫ್ರೀಮಾಂಟ್‌ನಲ್ಲಿ. ಹೆರಿಗೆಗೆ ಇನ್ನೂ ಮೂರು ವಾರ ಇತ್ತು. ಒಂದು ದಿನ ಧೈರ್ಯ ಮಾಡಿ ಒಬ್ಬಳೇ ಬಾರ್ಟ್ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ ನೋಡಲು ಹೋದೆ. ಕ್ಲಿಪ್ಪರ್ ಅನ್ನೋ ಕಾರ್ಡು ಮುಟ್ಟಿಸಿದರೆ ಗೇಟು ತೆರೆಯುತ್ತೆ, ಇಳಿಯುವಾಗಲೂ ಮುಟ್ಟಿಸಬೇಕು. 65 ದಾಟಿದವರು ಪಾಸ್‌ಪೋರ್ಟ್ ತೋರಿಸಿ ಹಿರಿಯರ ಕಾರ್ಡು ಮಾಡಿಸಿಕೊಂಡರೆ ಅರ್ಧಕ್ಕಿಂತ ಕಮ್ಮಿ ದುಡ್ಡು, ಪರದೇಶದವರಿಗೂ ಕೊಡುತ್ತಾರೆ. ಓಕ್ಲಂಡ್ ಬಿಟ್ಟ ಮೇಲೆ ರೈಲು ಕೊಲ್ಲಿಯ ನೀರಿನಡಿಯ ಸುರಂಗಕ್ಕೆ ಇಳಿದು ಕಿರುಚತೊಡಗಿತು. ಎಲ್ಲರೂ ಫೋನ್ ನೋಡುತ್ತಿದ್ದರು, ನಾನೊಬ್ಬಳೇ ಕುಂದಾಣದ ಆಂಜನೇಯನ ಹೆಸರು ಹೇಳಿಕೊಂಡೆ.

ಎಂಬಾರ್ಕಡೆರೊ ನಿಲ್ದಾಣದಲ್ಲಿ ಮೇಲೆ ಬಂದರೆ ಚಳಿ. ಫ್ರೀಮಾಂಟ್‌ನಲ್ಲಿ ಬೆವರುತ್ತಿದ್ದೆ, ಇಲ್ಲಿ ಜುಲೈ ಮಧ್ಯಾಹ್ನದಲ್ಲಿ ಹಲ್ಲು ಕಟಕಟ. ಒಳನಾಡಿನ ಕಣಿವೆ ಕಾದು ಗಾಳಿ ಮೇಲೇಳುತ್ತಿದ್ದಂತೆ ಆ ಜಾಗ ತುಂಬಲು ತಣ್ಣಗಿನ ಸಮುದ್ರದ ಗಾಳಿ ಮಂಜು ಹೊತ್ತು ನುಗ್ಗುತ್ತೆ. ಅಲ್ಲಿ ಬಿಸಿಲು ಹೆಚ್ಚಾದಷ್ಟೂ ಈ ಊರಿಗೆ ಚಳಿ. ಫುಟ್‌ಪಾತಿನ ಅಂಗಡಿಗಳಲ್ಲಿ ಊರಿನ ಹೆಸರು ಬರೆದ ದಪ್ಪ ಅಂಗಿಗಳನ್ನು ಸಾಲಾಗಿ ನೇತು ಹಾಕಿರುತ್ತಾರೆ. ಅವನ್ನು ಕೊಳ್ಳುವವರೆಲ್ಲ ನನ್ನಂಥವರು, ಅಮೆರಿಕದಲ್ಲಿ ಬೇಸಿಗೆ ಅಂತ ನಂಬಿ ಬಂದವರು.

ಸಮುದ್ರದ ದಂಡೆಯಲ್ಲಿ ಫೆರ್ರಿ ಬಿಲ್ಡಿಂಗ್. 1898ರ ಗಡಿಯಾರ ಗೋಪುರ, 1906ರ ಭೂಕಂಪದಲ್ಲಿ ಊರೇ ಉರಿದರೂ ನಿಂತದ್ದು. ಅಂದು ಶನಿವಾರ, ರೈತರ ಸಂತೆ. ಪೀಚ್, ಚೆರ್ರಿ, ಅಂಜೂರ. ಒಬ್ಬ ರೈತ ಚಾಕುವಿನಿಂದ ಹಣ್ಣು ಕುಯ್ದು ರುಚಿಗೆ ಕೊಟ್ಟ. ನಮ್ಮ ಸಂತೆಯಲ್ಲೂ ಹಂಗೇ ಅಲ್ಲವೇ ಕೊಡೋದು. ಹಣ್ಣಿಗೆ ಬರೆದಷ್ಟೇ ದುಡ್ಡು. ಕೂತು ಕುಡಿದ ಕಾಫಿಗೆ ಮಾತ್ರ ಹಾಗಲ್ಲ, ಬರೆದ ಬೆಲೆಯ ಮೇಲೆ ತೆರಿಗೆ. ಅಷ್ಟು ಸಾಲದೆಂದು ಕೌಂಟರಿನ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ನಿಂತಳು: ಟಿಪ್ಸ್ ಶೇಕಡಾ 18, 20, 22. ಹಿಂದೆ ಸಾಲು. ಗಾಬರಿಯಲ್ಲಿ ನಡುವಿನದನ್ನು ಒತ್ತಿದೆ. ಟೇಬಲ್ಲಿಗೆ ತಂದು ಬಡಿಸುವ ಕಡೆ ಟಿಪ್ಸ್ ಕೊಡಲೇಬೇಕು, ಕೌಂಟರಿನಲ್ಲಿ ನಾವೇ ತಗೊಂಡರೆ ನಮ್ಮಿಷ್ಟ ಅಂತ ಅಳಿಯ ಆಮೇಲೆ ಹೇಳಿದ.

ಅಲ್ಲೇ ಶೌಚಾಲಯವೂ ಇದೆ, ಶುಚಿಯಾಗಿದೆ, ನೀರಿನ ಚೊಂಬಿಲ್ಲ. ಅಕ್ಕಯ್ಯ, ಚೀಲದಲ್ಲಿ ಯಾವಾಗಲೂ ಒಂದು ಖಾಲಿ ಬಾಟಲಿ ಇರಲಿ, ಇಷ್ಟೇ ಹೇಳೋದು.

ಕುಡಿಯುವ ನೀರಿಗೂ ಬಾಟಲಿ ಕೊಳ್ಳಬೇಡಿ. ಗೋಡೆಯ ನಲ್ಲಿಗೆ ಬಾಯಿಟ್ಟು ಕುಡಿದೆ. ನಮ್ಮಲ್ಲಿ ಸಾವಿರ ಅಡಿ ಬೋರ್ ಕೊರೆಸಿದರೂ ಬರೀ ಧೂಳು ಬರುವುದುಂಟು. ಶುದ್ಧ ನೀರಿನ ಘಟಕದ ಮುಂದೆ ಐದು ರೂಪಾಯಿ ನಾಣ್ಯ ಹಿಡಿದು ಕ್ಯಾನು ತುಂಬಿಸೋದು ದಿನದ ಕೆಲಸ. ಅಲ್ಲಿ ಹೆಚ್ ಹೆಚಿ ಅನ್ನುವ ಕಣಿವೆಗೆ 1923ರಲ್ಲಿ ಕಟ್ಟೆ ಕಟ್ಟಿದ್ದಾರೆ. ಸುಮಾರು 270 ಕಿಲೋಮೀಟರ್ ದೂರದಿಂದ, ಇಳಿಜಾರಿನ ಬಲದಲ್ಲೇ ನೀರು ಹರಿದು ಬರುತ್ತೆ. ಚಂದದ ಆ ಕಣಿವೆ ಮುಳುಗಬಾರದು ಅಂತ ಪರಿಸರವಾದಿ ಜಾನ್ ಮ್ಯೂರ್ ಕೊನೆವರೆಗೂ ಹೋರಾಡಿ ಸೋತರಂತೆ. ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಎರಡನೇ ಸಲ ಬಗ್ಗಿ ಕುಡಿಯುವಾಗ ಮ್ಯೂರ್ ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತೆ.

ಕೇಬಲ್ ಕಾರ್ ಹತ್ತಲು ಪೊವೆಲ್ ಬೀದಿಯಲ್ಲಿ ತಿರುಪತಿ ಕ್ಯೂ. ಅಲ್ಲಿ ನಿಂತು ನೋಡಿ, ಹತ್ತಬೇಡಿ. ಇಬ್ಬರು ಆಳುಗಳು ಗಾಡಿಯನ್ನು ಮರದ ತಟ್ಟೆಯ ಮೇಲೆ ನಿಲ್ಲಿಸಿ, ಬೆನ್ನು ಕೊಟ್ಟು ನೂಕಿ, ಗಾಣದ ಎತ್ತಿನ ಹಾಗೆ ಸುತ್ತಿಸಿ ತಿರುಗಿಸುತ್ತಾರೆ. ಆಮೇಲೆ ವಾಪಸು ನಡೆದು ಕ್ಯಾಲಿಫೋರ್ನಿಯಾ ಬೀದಿಯ ಗಾಡಿ ಹಿಡಿಯಿರಿ, ಜನ ಕಮ್ಮಿ. ನಾನು ಹೋದಾಗ ಎಂಟು ಡಾಲರ್ ಇತ್ತು, ಆರುನೂರ ಎಪ್ಪತ್ತು ರೂಪಾಯಿ ಅಂತ ಲೆಕ್ಕ ಹಾಕಬೇಡಿ, ಹಾಕಿದರೆ ಹತ್ತೋದಿಲ್ಲ. ರಸ್ತೆಯ ಸೀಳಿನೊಳಗೆ ಉಕ್ಕಿನ ಹಗ್ಗ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇರುತ್ತೆ, ಚಾಲಕ ದೊಡ್ಡ ಇಕ್ಕಳದಿಂದ ಅದನ್ನು ಕಚ್ಚಿ ಹಿಡಿದರೆ ಗಾಡಿ ಹೊರಡುತ್ತೆ, ಬಿಟ್ಟು ಬ್ರೇಕ್ ಹಾಕಿದರೆ ನಿಲ್ಲುತ್ತೆ. ಗಣಿಗೆ ತಂತಿಹಗ್ಗ ಮಾಡುತ್ತಿದ್ದ ಹ್ಯಾಲಿಡಿ 1873ರಲ್ಲಿ ಶುರು ಮಾಡಿದ ಏರ್ಪಾಡು ಇದು.

ಇಳಿದು ರಸ್ತೆ ದಾಟುವಾಗ ಅಭ್ಯಾಸಬಲದಿಂದ ಬಲಕ್ಕೆ ನೋಡಿ ಕಾಲಿಟ್ಟೆ. ಎಡಗಡೆ ಬ್ರೇಕ್ ಕಿರುಚಿತು. ಮೊದಲು ಎಡಕ್ಕೆ ನೋಡಿ. ಕಂಬದ ಗುಂಡಿ ಒತ್ತಿ, ಬಿಳಿ ಮನುಷ್ಯ ಬರುವ ತನಕ ಕಾಯಿರಿ.

ಭಾನುವಾರ ಅಳಿಯ ಕಾರಿನಲ್ಲಿ ಗೋಲ್ಡನ್ ಗೇಟ್ ಸೇತುವೆಗೆ ಕರೆದುಕೊಂಡು ಹೋದ. ಮನೆ ಬಿಡುವಾಗಲೇ ಕಾರಿನಲ್ಲಿದ್ದ ಚೀಲ, ಚಾರ್ಜರ್ ವೈರು, ಕೊನೆಗೆ ಮಗಳ ಶಾಲನ್ನೂ ಡಿಕ್ಕಿಗೆ ಹಾಕಿದ. ಅಲ್ಲಿ ಹೋಗಿ ಹಾಕಿದರೆ ಕಳ್ಳರು ನೋಡುತ್ತಾರಂತೆ. ಪಾರ್ಕಿಂಗಿನ ಅಂಚಿನಲ್ಲಿ ಒಡೆದ ಗಾಜಿನ ಚೂರು ಕಲ್ಲುಸಕ್ಕರೆ ಹಾಗೆ ಹೊಳೆಯುತ್ತಿತ್ತು. 1937ರ ಆ ಸೇತುವೆ ಕಾಣಲೇ ಇಲ್ಲ. ಬರೀ ಮಂಜು, ಒಳಗಿಂದ ಹಡಗುಗಳನ್ನು ಎಚ್ಚರಿಸುವ ಕಹಳೆಯ ಸದ್ದು. ಕುಂದಾಣ ಬೆಟ್ಟದ ಮೇಲೆ ಮಾಗಿಯ ಬೆಳಗಿನಲ್ಲೂ ಹೀಗೇ ಆಗುತ್ತೆ.

ನಿನ್ನೆ ಅಕ್ಕಯ್ಯನ ಸೂಟ್‌ಕೇಸ್ ಕಟ್ಟಲು ಹೋಗಿದ್ದೆ. ಸೀರೆ ಮಡಿಕೆಯೊಳಗೆ ಕೈ ಹಾಕಿದರೆ ಕರಿಬೇವು ಸಿಕ್ಕಿತು. ತೆಗೆದು ಒಲೆಯ ಪಕ್ಕ ಇಟ್ಟು, ಆ ಜಾಗಕ್ಕೆ ನನ್ನ ಸ್ವೆಟರ್ ತುರುಕಿದೆ. "ಬೇಸಿಗೇಲಿ ಇದ್ಯಾಕ್ರೀ ಟೀಚರಮ್ಮ?" ಅಂದರು.