ಪಕ್ಕದ ತೋಟದ ಪಲ್ಪರ್

ಕೆ. ಹೊಸಕೋಟೆ,
ಆಲೂರು ತಾಲ್ಲೂಕು

ಪ್ರೀತಿಯ ಗೆಳೆಯರೆ,

ಕ್ವಾಂಟಂ ಕಂಪ್ಯೂಟರಿಗೂ ಫ್ರಾನ್ಸಿನ ಸೇನೆಗೂ ಎತ್ತಣ ಸಂಬಂಧ ಎಂದು ಕೇಳಿದ್ದೀರಿ. ಸಂಬಂಧ ಇರುವುದು ಗುಟ್ಟಿನ ವಿಷಯದಲ್ಲಿ. ಸಂದೇಶಗಳನ್ನು ಕಾಯುವ ಇಂದಿನ ಗೂಢಲಿಪಿಗಳಲ್ಲಿ ಹಲವು, ಭಾರೀ ಸಂಖ್ಯೆಗಳ ಅಪವರ್ತನ ಕಂಡುಹಿಡಿಯುವುದು ಕಷ್ಟ ಎಂಬ ನಂಬಿಕೆಯ ಮೇಲೆ ನಿಂತಿವೆ. ದೊಡ್ಡ ಕ್ವಾಂಟಂ ಯಂತ್ರಕ್ಕೆ ಅದು ಕಷ್ಟವಲ್ಲ ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಅಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ. ಆದರೆ ಇಂದು ಕದ್ದು ಕೂಡಿಟ್ಟ ಸಂದೇಶವನ್ನು ಅದು ಬಂದ ದಿನ ಬಿಡಿಸಬಹುದಲ್ಲ! ಸೇನೆಗಳ ಚಿಂತೆ ಅದೇ.

ಹಾಗಾಗಿ 2024ರಲ್ಲಿ ಫ್ರಾನ್ಸಿನ ರಕ್ಷಣಾ ಇಲಾಖೆ 'ಪ್ರೊಕ್ಸಿಮಾ' ಯೋಜನೆಗೆ ತನ್ನ ದೇಶದ್ದೇ ಐದು ಕಂಪನಿಗಳನ್ನು ಆರಿಸಿಕೊಂಡಿತು. ನೊಬೆಲ್ ಪಡೆದ ಅಲೇನ್ ಆಸ್ಪೆ ಸಹಸ್ಥಾಪಕರಾಗಿರುವ ಪಾಸ್ಕಲ್ ಅವುಗಳಲ್ಲೊಂದು. 2032ರೊಳಗೆ ಮಾದರಿ ಯಂತ್ರಗಳು ಸಿದ್ಧವಾಗಬೇಕು. ಅಮೆರಿಕದ ಯಂತ್ರವನ್ನೇ ಬಾಡಿಗೆಗೆ ಪಡೆಯಬಹುದಿತ್ತಲ್ಲ ಎನ್ನುತ್ತೀರಾ? ನಮ್ಮ ಕಾಫಿ ತೋಟವನ್ನೇ ನೋಡಿ: ಅರೇಬಿಕಾ ಹಣ್ಣು ಕೊಯ್ದ ದಿನವೇ ಪಲ್ಪಿಂಗ್ (ಸಿಪ್ಪೆ ಬಿಡಿಸುವುದು) ಆಗಬೇಕು. ಅದಕ್ಕೆ ಬೇಕಾದ ಪಲ್ಪರ್ ಯಂತ್ರ ಪಕ್ಕದ ತೋಟದವರದಾದರೆ ಅವರ ಮರ್ಜಿ ಕಾಯಬೇಕು. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರರ ಯಂತ್ರವನ್ನು ನೆಚ್ಚಬಾರದೆಂಬ ಈ ಪಾಠವನ್ನು ಭಾರತೀಯರಾದ ನಾವೂ ಕಲಿತಿದ್ದೇವೆ. ಅಮೆರಿಕದ ಒತ್ತಡಕ್ಕೆ ಮಣಿದು ರಷ್ಯಾ 1993ರಲ್ಲಿ ರಾಕೆಟ್ಟಿನ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಕೊಡದೆ ಹಿಂದೆ ಸರಿಯಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಗೆದ್ದದ್ದು 2014ರ ಜನವರಿಯಲ್ಲಿ. ಅದು ಒಯ್ದ ಜಿಸ್ಯಾಟ್-14 ಉಪಗ್ರಹದ ಉಸ್ತುವಾರಿ ನಮ್ಮ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್ ಪಾಲಿಗೆ ಬಂತು. ಅಲ್ಲಿಂದ ಹೋಗುವ ಆಜ್ಞೆಗಳನ್ನು ಬೇರೆಯವರು ಓದುವಂತಾದರೆ ಏನಾದೀತು, ಯೋಚಿಸಿ.

ಈಗ ಕ್ವಾಂಟಂ ಸರದಿ. 2023ರಲ್ಲಿ ಕೇಂದ್ರ ಸರ್ಕಾರ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಕಂಪ್ಯೂಟಿಂಗ್ ವಿಭಾಗದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಬೆಂಗಳೂರಿನದೇ ಆದ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ (ಅಂದರೆ ಕ್ವಾಂಟಂ ಲೆಕ್ಕದ ಮೂಲ ಘಟಕಗಳ) 'ಇಂಡಸ್' ಯಂತ್ರವನ್ನು ಪ್ರಕಟಿಸಿತು. ಗೂಢಲಿಪಿ ಒಡೆಯಲು ಅದು ಏನೇನೂ ಸಾಲದು, ಆದರೆ ಕೈ ಪಳಗಬೇಕಾದದ್ದು ಇಂಥವುಗಳಲ್ಲೇ.

ಒಂದು ಮಾತು ಮಾತ್ರ ನೆನಪಿಡಿ. ಅತಿವಾಹಕ ಕ್ಯೂಬಿಟ್‌ಗಳು ಕೆಲಸ ಮಾಡುವುದು ನಿರಪೇಕ್ಷ ಶೂನ್ಯದ ಹತ್ತಿರದ ಚಳಿಯಲ್ಲಿ. ಅಂಥ ಶೀತಕಗಳಿಗೆ ಜಗತ್ತು ನೋಡುವುದು ಫಿನ್ಲೆಂಡಿನ ಬ್ಲೂಫೋರ್ಸ್‌ನಂಥ ಕೆಲವೇ ಕಂಪನಿಗಳತ್ತ. ಆದ್ದರಿಂದ 'ಸ್ವದೇಶಿ' ಎಂಬ ಸುದ್ದಿ ಓದಿದಾಗ ಕ್ಯೂಬಿಟ್ ಎಷ್ಟು ಎಂದಷ್ಟೇ ಕೇಳಬೇಡಿ. ಚಿಪ್ ಎಲ್ಲಿಯದು, ಶೀತಕ ಎಲ್ಲಿಯದು, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂದೂ ಕೇಳಿ. ಸ್ವಾವಲಂಬನೆಯ ಲೆಕ್ಕ ಸಿಗುವುದು ಅಲ್ಲಿ.

 

ಇಂತಿ ನಿಮ್ಮ,
ಗೆಳೆಯ