ಬಂಡಿದಾರಿಯಲ್ಲಿ ಗಾಡಿಯ ಓಟ

ಚಿತ್ರದುರ್ಗವನ್ನು ಹಿಂದಿಟ್ಟು ಹೊಸಪೇಟೆಯ ಕಡೆಗೆ ಸಾಗುವ ಪ್ರವಾಸಿಗೆ ಕೂಡ್ಲಿಗಿ ಸಮೀಪಿಸುತ್ತಿರುವುದನ್ನು ಮೈಲಿಗಲ್ಲು ತಿಳಿಸಬೇಕಾಗಿಲ್ಲ. ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿರುವ ಬಂಡೆಗಳ ಗುಡ್ಡಗಳು, ಕೆಂಪು ನೆಲ, ಶೇಂಗಾದ ಹೊಲಗಳು, ನಡುನಡುವೆ ಹುಣಿಸೆಯ ಮರಗಳು, ಇವೇ ತಿಳಿಸಿಬಿಡುತ್ತವೆ. ಪೂರ್ವಕ್ಕೆ ಗುಡೇಕೋಟೆಯ ಕರಡಿಧಾಮ. ಊರೊಳಗೆ ಗಾಂಧೀಜಿಯವರ ಚಿತಾಭಸ್ಮವನ್ನಿಟ್ಟ ಸ್ಮಾರಕ. ಸಾಮಾನ್ಯ ಪ್ರವಾಸಿ ಹಂಪಿಯ ಆತುರದಲ್ಲಿ ಇವೆರಡನ್ನೂ ನೋಡದೆ ಮುಂದೆ ಹೋಗಿಬಿಡುವುದೇ ವಾಡಿಕೆ. ಹೋಗುವವನಿಗೆ ದಾರಿಯೂ ಅನುಕೂಲವಾಗಿದೆ. ಹಿಂದೆ 13 ಎಂಬ ಅಂಕೆಯಿದ್ದು ಈಗ 50 ಎನಿಸಿಕೊಂಡಿರುವ ರಾಷ್ಟ್ರೀಯ ಹೆದ್ದಾರಿ ನಾಲ್ಕು ಸಾಲಿನದಾಗಿದೆ. ನಡುವೆ ಕಟ್ಟೆ ಬಂದಿದೆ.

ದೂರದ ಪ್ರಯಾಣಿಕನಿಗೆ ವರವಾದ ಈ ನಡುಗಟ್ಟೆ ಹತ್ತಿರದ ರೈತನಿಗೆ ಒಂದು ತೊಡಕು. ರಸ್ತೆಯ ಈಚೆ ಮನೆ, ಆಚೆ ಹೊಲ. ಕಟ್ಟೆಯಲ್ಲಿ ದಾಟಲು ಕಂಡಿಯಿರುವುದು ದೂರದಲ್ಲಿ. ಅಷ್ಟು ದೂರ ಹೋಗಿ ತಿರುಗಿ ಬರುವುದಕ್ಕೆ ಬದಲಾಗಿ ಅವನು ತನ್ನ ಮೋಟಾರು ಸೈಕಲ್ಲನ್ನು ಎದುರು ದಿಕ್ಕಿನಲ್ಲೇ, ಅಂಚಿಗೆ ಹಿಡಿದು, ಹೊಡೆದುಕೊಂಡು ಹೋಗುತ್ತಾನೆ. ಎದುರಿನಿಂದ ಬರುವ ಕಾರಿನವನು ಅಲ್ಲಿ ಯಾರನ್ನೂ ನಿರೀಕ್ಷಿಸಿರುವುದಿಲ್ಲ. ಇದು ಮೂರ್ಖತನವೆಂದು ಪಟ್ಟಣದವರು ಸುಲಭವಾಗಿ ಹೇಳಿಯಾರು. ಆದರೆ ಆ ಊರಿಗೆ ಮೊದಲು ಬಂದದ್ದು ರೈತ. ಹೆದ್ದಾರಿ ಬಂದದ್ದು ಆಮೇಲೆ. ದಾಟುವ ದಾರಿಯನ್ನು ಎಲ್ಲಿಡಬೇಕೆಂದು ಅವನನ್ನು ಕೇಳಿದವರು ಯಾರು?

ಈ ಸೀಮೆಯ ಮಾತಿನಲ್ಲಿ ಒಂದು ವಿಶೇಷವುಂಟು. ಎತ್ತು ಹೂಡುವುದಕ್ಕೆ ಇಲ್ಲಿ ‘ಬಂಡಿ’ ಎಂದೇ ಹೆಸರು. ‘ಗಾಡಿ’ ಎಂದರೆ ಈಗ ಮೋಟಾರು ಸೈಕಲ್ಲು. “ಗಾಡಿ ಐತೇನು?” ಎಂದು ಯಾರಾದರೂ ಕೇಳಿದರೆ ಎರಡು ಚಕ್ರದ ಎಂಜಿನ್ ವಾಹನವೆಂದೇ ತಿಳಿಯಬೇಕು. ಹೆಸರಿನಂತೆ ಕೆಲಸವೂ ವರ್ಗವಾಗಿದೆ. ಬಂಡಿ ಹೊರುತ್ತಿದ್ದ ಭಾರವನ್ನೆಲ್ಲ ಇಂದು ಗಾಡಿ ಹೊರುತ್ತದೆ: ಗೊಬ್ಬರದ ಚೀಲ, ಹಾಲಿನ ಕ್ಯಾನು, ಮೇವಿನ ಹೊರೆ, ಆಡಿನ ಮರಿ, ಶಾಲೆಯ ಮಕ್ಕಳು, ಬಸುರಿ ಹೆಂಗಸು, ಕೆಲವೊಮ್ಮೆ ಇವುಗಳಲ್ಲಿ ಮೂರು ನಾಲ್ಕು ಒಟ್ಟಿಗೆ. ಬಸ್ಸು ದಿನಕ್ಕೆ ಒಂದೆರಡು ಸಲ ಮಾತ್ರ ಬರುವ ಹಳ್ಳಿಯಲ್ಲಿ ಗಾಡಿಯೊಂದು ಭೋಗದ ವಸ್ತುವಲ್ಲ, ಸಂಸಾರದ ಅಂಗ. ಮೈಸೂರಿನಲ್ಲಿ 1960ರ ದಶಕದ ಆರಂಭದಲ್ಲಿ ಜಾವಾ ಕಾರ್ಖಾನೆ ತಲೆಯೆತ್ತಿದಾಗ ಅದರ ಗಾಡಿಗಳು ಸಾಹುಕಾರರ ಮಕ್ಕಳ, ಉತ್ಸಾಹಿ ತರುಣರ ಹೆಮ್ಮೆಯಾಗಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಹೊತ್ತಿಗೆ ಗಾಡಿ ಅಂಗಳದಿಂದ ಅಂಗಳಕ್ಕೆ ಇಳಿದು ಬರತೊಡಗಿತ್ತು.

ಗಾಡಿ ಬಂತು, ದಾರಿ ಮಾತ್ರ ಬಹುಮಟ್ಟಿಗೆ ಬಂಡಿಯ ಕಾಲದ್ದೇ. ಡಾಂಬರು ಬಿದ್ದು ನುಣುಪಾಗಿದೆ, ತಿರುವುಗಳು ಹಾಗೆಯೇ ಉಳಿದಿವೆ. ಬಂಡಿಯವನು ತಿರುವಿನಲ್ಲಿ ಎದುರಿನವನನ್ನು ಕಂಡು, ಮಾತನಾಡಿಸಿ, ಪಕ್ಕಕ್ಕೆ ಸರಿಯುವಷ್ಟು ಅವಕಾಶವಿತ್ತು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವವನು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತಾನೆ. ಕಣ್ಣು ಕಂಡದ್ದನ್ನು ಕೈ ಬ್ರೇಕಿಗೆ ತಿಳಿಸುವುದರೊಳಗಾಗಿಯೇ ಅಷ್ಟು ದೂರ ಕಳೆದುಹೋಗುತ್ತದೆ.

ಕೂಡ್ಲಿಗಿಯಿಂದ ಪಶ್ಚಿಮಕ್ಕೆ ಹೊರಳಿದರೆ ಕೊಟ್ಟೂರು. ಗುರು ಕೊಟ್ಟೂರೇಶ್ವರನ ರಥೋತ್ಸವ ಮಾಘಮಾಸದ ದೊಡ್ಡ ಜಾತ್ರೆ. ದಾವಣಗೆರೆಯಿಂದಲೂ ಸುತ್ತಣ ಊರುಗಳಿಂದಲೂ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ಬಿಸಿಲಿಗೆ ಹೆದರಿ ರಾತ್ರಿಯ ತಂಪಿನಲ್ಲಿ ನಡೆಯುವವರೇ ಬಹಳ. ಹರಟುತ್ತ, ಭಜನೆ ಹಾಡುತ್ತ ರಸ್ತೆಯ ಅರ್ಧ ಅಗಲವನ್ನು ತುಂಬಿ ಬರುವ ಆ ಜನರ ನೋಟ ಮನಸ್ಸನ್ನು ತುಂಬುವಂತಹುದು. ಅಷ್ಟೇ ಎದೆ ನಡುಗಿಸುವಂತಹುದು. ಇದೇ ತೇರು 2017ರ ಫೆಬ್ರವರಿಯಲ್ಲಿ ಸಾವಿರಾರು ಜನರ ನಡುವೆ ಉರುಳಿಬಿದ್ದಿತು. ಅಂದು ಊರಿಗೆ ಊರೇ ಬೆಚ್ಚಿತು. ತೇರಿನ ಅಚ್ಚು, ಗಾಲಿ, ಹಗ್ಗಗಳನ್ನು ಕುರಿತು ಮಾತನಾಡದವರೇ ಇರಲಿಲ್ಲ. ವರ್ಷಕ್ಕೊಮ್ಮೆ ಎಳೆಯುವ ತೇರಿನ ಅಚ್ಚನ್ನು ನೋಡುವ ಕಣ್ಣು, ದಿನವೂ ಏರುವ ಗಾಡಿಯ ಸವೆದ ಟೈರನ್ನು ನೋಡುವುದಿಲ್ಲವೆಂಬುದು ವಿಚಿತ್ರ.

ಸುಗ್ಗಿ ಬಂದರಂತೂ ಇಲ್ಲಿ ರಸ್ತೆಯೇ ಕಣ. ಮೆಕ್ಕೆಜೋಳವನ್ನು ಡಾಂಬರಿನ ಮೇಲೆ ಹರಡಿ ಒಣಗಿಸುತ್ತಾರೆ. ರಾಶಿಯ ಅಂಚಿಗೆ ದಪ್ಪ ಕಲ್ಲುಗಳನ್ನು ಕಾವಲಿಡುತ್ತಾರೆ. ಹುರುಳಿಯ ಸೊಪ್ಪನ್ನು ಹಾಸಿ, ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ಜಾಣ್ಮೆಯೂ ಉಂಟು. ಕಣವಿಲ್ಲದವನು ಮತ್ತೇನು ಮಾಡಬೇಕು ಎನ್ನಬಹುದು, ಮಾತು ನಿಜವೇ. ಆದರೆ ನಾಲ್ಕು ಚಕ್ರದ ವಾಹನ ತುಳಿದು ಹೋಗುವ ಆ ಕಾಳಿನ ಮೇಲೆ ಎರಡು ಚಕ್ರದ್ದು ಜಾರಿಬೀಳುತ್ತದೆ. ಕತ್ತಲಾದ ಮೇಲೆ ರಾಶಿಯನ್ನು ಮನೆಗೆ ಒಯ್ದು ಕಲ್ಲುಗಳನ್ನು ಅಲ್ಲೇ ಬಿಟ್ಟುಹೋದರೆ ಅವು ಯಾರಿಗಾಗಿ ಕಾದಿರುತ್ತವೆಂದು ಹೇಳಬೇಕಾಗಿಲ್ಲ. ಅದೇ ಕತ್ತಲಲ್ಲಿ, ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರೊಂದು ನಿಂತಿದ್ದರೆ, ಎದುರು ವಾಹನದ ಬೆಳಕಿಗೆ ಕಣ್ಣು ಕುಕ್ಕಿಸಿಕೊಂಡು ಬರುವ ಸವಾರನಿಗೆ ಅದು ಕಾಣುವುದು ತೀರ ಹತ್ತಿರ ಬಂದಾಗಲೇ. ಕೆಲವೇ ರೂಪಾಯಿಗಳ ಕೆಂಪು ಹೊಳಪು ಪಟ್ಟಿಯೊಂದನ್ನು ಹಿಂದಕ್ಕೆ ಅಂಟಿಸಿದ್ದರೆ ಅದು ದೂರದಿಂದಲೇ ಮಿನುಗುತ್ತಿತ್ತು.

ಕೊಟ್ಟೂರಿನಿಂದ ಪಶ್ಚಿಮಕ್ಕೆ ಹರಪನಹಳ್ಳಿ. ಉಚ್ಚಂಗಿದುರ್ಗದ ಬೆಟ್ಟ, ಬಾಗಳಿಯ ಕಲ್ಲೇಶ್ವರನ ಗುಡಿಗಳನ್ನುಳ್ಳ ಈ ತಾಲ್ಲೂಕಿನ ರಾಜಕೀಯ ಭಾಗ್ಯ ಮಾತ್ರ ತಿರುಗಣಿಯಂತಿದೆ. ಮದರಾಸಿನಿಂದ 1953ರಲ್ಲಿ ಬಳ್ಳಾರಿ ಜಿಲ್ಲೆಯೊಡನೆ ಮೈಸೂರಿಗೆ ಬಂದದ್ದು, 1997ರಲ್ಲಿ ದಾವಣಗೆರೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯದಾಯಿತು. ಕಾಗದಪತ್ರಗಳು ಎತ್ತ ಹೋದರೂ ತಲೆಗೆ ಪೆಟ್ಟುಬಿದ್ದವನ ದಾರಿ ಮಾತ್ರ ಬದಲಾಗಲಿಲ್ಲ. ಅವನು ಹೋಗುವುದು ಹತ್ತಿರದ ದಾವಣಗೆರೆಗೇ. ಅಲ್ಲಿಯ ಜಿಲ್ಲಾ ಆಸ್ಪತ್ರೆಗೆ ಚಿಗಟೇರಿಯ ಹೆಸರು. ಆ ಹೆಸರಿನ ಊರು ಹರಪನಹಳ್ಳಿ ತಾಲ್ಲೂಕಿನದೇ.

ಪೆಟ್ಟಾದ ಮೊದಲ ಗಂಟೆಯನ್ನು ವೈದ್ಯರು ಬಂಗಾರದ ಗಂಟೆ ಎನ್ನುವುದುಂಟು. ಹಳ್ಳಿಯ ದಾರಿಯಲ್ಲಿ ಆ ಗಂಟೆಯ ಬಹುಭಾಗ ಮುಗಿಯುವುದು ಸುತ್ತ ನಿಂತವರ ಅನುಮಾನದಲ್ಲೇ. “ಮುಟ್ಟಿದರೆ ಪೊಲೀಸ್ ಠಾಣೆ, ಕೋರ್ಟು” ಎಂಬ ಅಂಜಿಕೆ ಒಂದು ಕಾಲಕ್ಕೆ ಸುಳ್ಳೂ ಆಗಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನೆರವಾದವರಿಗೆ ರಕ್ಷಣೆ ಕೊಟ್ಟಿತು; 2019ರ ತಿದ್ದುಪಡಿಯಿಂದ ಆ ರಕ್ಷಣೆ ಮೋಟಾರು ವಾಹನ ಕಾಯಿದೆಯೊಳಗೇ ಸೇರಿತು. ಗಾಯಗೊಂಡವನನ್ನು ಆಸ್ಪತ್ರೆಗೆ ತಲುಪಿಸಿದವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಸಾಕ್ಷಿಯಾಗೆಂದು ಬಲಾತ್ಕರಿಸುವಂತಿಲ್ಲ. ಕರ್ನಾಟಕದಲ್ಲಿ 2008ರಿಂದ 108ರ ಆಂಬುಲೆನ್ಸು ಓಡುತ್ತಿದೆ. ಬೆಂಗಳೂರಿನ ಹೊರವಲಯದ ಹೆದ್ದಾರಿಯಲ್ಲಿ 2016ರ ಫೆಬ್ರವರಿಯಲ್ಲಿ ಲಾರಿಗೆ ಸಿಕ್ಕಿ ದೇಹ ತುಂಡಾಗಿದ್ದರೂ ತನ್ನ ಅಂಗಗಳನ್ನು ದಾನಮಾಡಿರೆಂದು ಬೇಡಿದ ತರುಣ ಬೈಕು ಸವಾರನ ನೆನಪಿಗೆ ‘ಸಾಂತ್ವನ ಹರೀಶ್ ಯೋಜನೆ’ ಬಂದಿತು. ಅಪಘಾತಕ್ಕೀಡಾದವರಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿಯ ಮಿತಿಯೊಳಗೆ, ಹಣ ಕೇಳದೆ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಜಾತ್ರೆಯ ಧ್ವನಿವರ್ಧಕದಲ್ಲಿ ಕಳೆದುಹೋದ ಮಕ್ಕಳ ಹೆಸರಿನ ಜೊತೆಗೆ ಈ ಸಂಗತಿಗಳನ್ನೂ ನಾಲ್ಕು ಸಲ ಕೂಗಿ ಹೇಳಬಾರದೇಕೆ?

ಹೂವಿನಹಡಗಲಿಯ ಹೆಸರನ್ನು ಕೇಳಿದೊಡನೆ ಮೂಗರಳುತ್ತದೆ. ವಿಜಯನಗರದ ಕಾಲದಲ್ಲಿ ಇಲ್ಲಿಯ ಹೂಗಳು ಹಡಗುಗಳಲ್ಲಿ ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿದ್ದವೆಂಬುದು ಪ್ರತೀತಿ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಹಡಗಲಿ ಮಲ್ಲಿಗೆ ಇಂದು ಹಡಗನ್ನು ಕಾಯುವುದಿಲ್ಲ. ಮೊಗ್ಗು ಅರಳುವ ಮುನ್ನ ಮಾರುಕಟ್ಟೆ ಸೇರಬೇಕು; ಆದ್ದರಿಂದ ನಸುಕಿನಲ್ಲೇ ಬುಟ್ಟಿಯನ್ನು ಹಿಂದಕ್ಕೆ ಕಟ್ಟಿಕೊಂಡು ಗಾಡಿಗಳು ಹೊರಡುತ್ತವೆ. ಹೂವಿಗೆ ಒದ್ದೆ ಬಟ್ಟೆ ಸುತ್ತಿ ಬಾಡದಂತೆ ಕಾಪಾಡುವ ಸವಾರನ ತಲೆ ಬರಿದಾಗಿರುತ್ತದೆ. “ಇಲ್ಲೇ ಹೋಗಿ ಬರ್ತೀನವ್ವಾ, ಅದ್ಯಾಕ?” ಎಂದು ಅವನು ತಾಯಿಗೆ ಹೇಳಿರುತ್ತಾನೆ. ಮನೆಯೊಳಗೆ ಹೆಲ್ಮೆಟ್ಟು ಇಲ್ಲವೆಂದಲ್ಲ, ಗೂಟಕ್ಕೆ ತೂಗುಬಿದ್ದಿದೆ.

ಈ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರ್ಣಿಕವನ್ನು ಕಾಣದವರೂ ಕೇಳಿಯಾದರೂ ಇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ನಿಲ್ಲುತ್ತಾನೆ. ‘ಸದ್ದಲೇ!’ ಎಂಬ ಒಂದು ಕೂಗಿಗೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಮಳೆ ಬೆಳೆಯ ಭವಿಷ್ಯವನ್ನು ಒಂದೇ ಸಾಲಿನಲ್ಲಿ ನುಡಿದು ಅವನು ಮೇಲಿನಿಂದ ಹಾಗೆಯೇ ಬೀಳುತ್ತಾನೆ. ಕೆಳಗೆ ಕಾದಿರುವ ಭಕ್ತರು ನೆಲಕ್ಕೆ ತಾಗದಂತೆ ಹಿಡಿದುಕೊಳ್ಳುತ್ತಾರೆ.

ಬೀಳುವ ಎತ್ತರದ ಲೆಕ್ಕ ಗಾಡಿಗೂ ಉಂಟು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗಿ ಮರಕ್ಕೋ ಕಲ್ಲಿಗೋ ನೇರವಾಗಿ ಅಪ್ಪಳಿಸುವುದೆಂದರೆ ಸುಮಾರು 20 ಅಡಿ ಎತ್ತರದಿಂದ ಬಿದ್ದಂತೆ. 60 ಕಿಲೋಮೀಟರಿಗೆ ಅದು 46 ಅಡಿ. 80ಕ್ಕೆ 80 ಅಡಿಗೂ ಮಿಗಿಲು. ವೇಗ ಇಮ್ಮಡಿಯಾದರೆ ಬೀಳುವ ಎತ್ತರ ನಾಲ್ಮಡಿ. ಅಷ್ಟು ಎತ್ತರದ ಮಹಡಿಯ ಅಂಚಿನಲ್ಲಿ ಮಗುವನ್ನು ನಿಲ್ಲಿಸೆಂದರೆ ಯಾವ ತಂದೆಯೂ ಒಪ್ಪಲಾರ. ಅದೇ ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಅವನು ನಿಶ್ಚಿಂತೆಯಿಂದ ಹೋಗುತ್ತಾನೆ. ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟು ಕುಳಿತ ಗೃಹಿಣಿಯ ಸೆರಗು ಚಕ್ರದ ಪಕ್ಕದಲ್ಲಿ ಹಾರಾಡುತ್ತಿರುತ್ತದೆ. ಇದು ಹಡಗಲಿಯಲ್ಲಷ್ಟೇ ಅಲ್ಲ, ಬೆಂಗಳೂರಿನ ಬಡಾವಣೆಗಳಲ್ಲೂ ಕಾಣುವ ನೋಟವೆಂಬುದನ್ನು ವಾಚಕರು ಬಲ್ಲರು.

ನೆಲಕ್ಕೂ ತಲೆಗೂ ನಡುವೆ ಇರಬೇಕಾದ ಕೈಗಳೇ ಹೆಲ್ಮೆಟ್ಟು. ಅದರ ಹೊರಚಿಪ್ಪಿಗಿಂತ ಒಳಗಿನ ಹಗುರವಾದ ಬೆಂಡಿನಂತಹ ಪದರವೇ ಮುಖ್ಯ. ಪೆಟ್ಟು ಬಿದ್ದಾಗ ಅದು ತಾನು ಜಜ್ಜಿಹೋಗಿ, ಮಿದುಳು ತಟ್ಟನೆ ನಿಲ್ಲುವುದನ್ನು ಕ್ಷಣಕಾಲ ತಡಮಾಡುತ್ತದೆ. ಆ ಕ್ಷಣದಲ್ಲಿದೆ ಪ್ರಾಣ. ‘ಅರೇಬಿಯಾದ ಲಾರೆನ್ಸ್’ ಎಂದು ಖ್ಯಾತನಾದ ಟಿ. ಇ. ಲಾರೆನ್ಸನು 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿನ ರಸ್ತೆಯಲ್ಲಿ, ಸೈಕಲ್ಲಿನ ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರು ಸೈಕಲ್ಲಿನಿಂದ ಎಸೆಯಲ್ಪಟ್ಟು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಸತ್ತನು. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನಿದ್ದನು. ಉಳಿಸಲಾಗದ ಆ ತಲೆ ಅವನನ್ನು ಕಾಡಿತು. ಸೈನ್ಯದ ಸಂದೇಶವಾಹಕ ಸವಾರರ ತಲೆಗಾಯಗಳನ್ನು ಅಭ್ಯಾಸಮಾಡಿ 1941ರಲ್ಲಿ ಅವನು ಪ್ರಕಟಿಸಿದ ಲೇಖನ ಹೆಲ್ಮೆಟ್ಟಿನ ಚರಿತ್ರೆಯಲ್ಲಿ ಮೊದಲ ಮೈಲಿಗಲ್ಲು. ಆದರೂ ಬ್ರಿಟನ್ನಿನಲ್ಲಿ ಅದು ಕಡ್ಡಾಯವಾದದ್ದು 1973ರಲ್ಲಿ, ಕೇರ್ನ್ಸ್ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. ಹಠಮಾರಿತನ ಕೇವಲ ನಮ್ಮ ಜನರ ಸೊತ್ತಲ್ಲ! ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ ಕೊಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ಟು ಸಾವಿನ ಸಂಭವವನ್ನು ಶೇಕಡಾ 42ರಷ್ಟೂ ತಲೆಗಾಯದ ಸಂಭವವನ್ನು ಶೇಕಡಾ 69ರಷ್ಟೂ ತಗ್ಗಿಸುತ್ತದೆ.

ಕರ್ನಾಟಕದಲ್ಲಿ ಹಿಂಬದಿಯ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ಟು ಕಡ್ಡಾಯವಾಯಿತು. ಇಲ್ಲಿ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ರಸ್ತೆಬದಿಯಲ್ಲಿ ಅಗ್ಗಕ್ಕೆ ಸಿಗುವ, ಕಿವಿಯನ್ನೂ ಮುಚ್ಚದ ಅರ್ಧ ಬುರುಡೆಯನ್ನು ತಲೆಯ ಮೇಲಿಟ್ಟು, ಗದ್ದದ ಪಟ್ಟಿಯನ್ನೂ ಬಿಗಿಯದೆ ಹೊರಟುಬಿಡುವುದು. ಇದು ಪೊಲೀಸರಿಗೆ ಹಾಕುವ ಟೋಪಿ. ಕಡೆಗೆ ಟೋಪಿ ಬೀಳುವುದು ಹಾಕಿಕೊಂಡವನಿಗೇ. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟನ್ನು ಮಾರುವುದನ್ನು 2021ರ ಜೂನ್ 1ರಿಂದಲೇ ನಿಷೇಧಿಸಲಾಗಿದೆ. ಸಂತೆಗೆ ಆ ಸುದ್ದಿ ಇನ್ನೂ ಮುಟ್ಟಬೇಕಾಗಿದೆ.

ದೇಶದ ಲೆಕ್ಕ ಹೀಗಿದೆ: 2022ರಲ್ಲಿ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ, ಅವರಲ್ಲಿ 74,897 ಮಂದಿ ಎರಡು ಚಕ್ರದ ವಾಹನದಲ್ಲಿದ್ದವರು. ಹೆಲ್ಮೆಟ್ಟು ಧರಿಸದೆ ಸತ್ತವರೇ ಐವತ್ತು ಸಾವಿರ. ಅದೇ ವರ್ಷ ಕರ್ನಾಟಕದಲ್ಲಿ 11,702 ಮಂದಿ, ಎಂದರೆ ದಿನಕ್ಕೆ ಮೂವತ್ತೆರಡು. ದೊಡ್ಡ ಅಂಕೆಗಳು ಮನಸ್ಸಿಗೆ ನಾಟುವುದಿಲ್ಲ. ಹಳ್ಳಿಯ ಅಂಗಳದಲ್ಲಿ ಚಕ್ರ ಸೊಟ್ಟಗಾಗಿ ನಿಂತ ಗಾಡಿಯೊಂದು ನಾಟುತ್ತದೆ. ಅದರ ಸಾಲದ ಕಂತು ಇನ್ನೂ ತೀರಿರುವುದಿಲ್ಲ, ತೀರಿಸಬೇಕಾದವನು ಇರುವುದಿಲ್ಲ.

ಹೊಸಪೇಟೆಯಿಂದ ಶಿವಮೊಗ್ಗಕ್ಕೆ ಹೋಗುವ ರಾಜ್ಯ ಹೆದ್ದಾರಿಯ ಮೇಲೆ, ಉತ್ತರದ ಅಂಚಿಗೆ ಹಗರಿಬೊಮ್ಮನಹಳ್ಳಿ. ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಊರುಗಳ ಸಮೀಪದವರೆಗೂ ಹರಡಿದೆ. ಅಂಕಸಮುದ್ರದ ಕೆರೆಯ ಮರಗಳಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಈ ಪಕ್ಷಿಧಾಮಕ್ಕೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ರಜೆಯ ದಿನ ಅದನ್ನು ನೋಡಲು ಒಂದು ಗಾಡಿಯ ಮೇಲೆ ಮೂವರು ಹುಡುಗರಂತೆ ಬರುವುದು ಅಪರೂಪವಲ್ಲ. ಮೀಸೆ ಇನ್ನೂ ಮೂಡದ ಆ ಚಾಲಕನಿಗೆ ಲೈಸೆನ್ಸು ಎಲ್ಲಿಂದ ಬರಬೇಕು? 2019ರ ಕಾಯಿದೆಯಂತೆ, ಬಾಲಕ ಗಾಡಿಯೋಡಿಸಿ ಸಿಕ್ಕಿದರೆ ಹೊಣೆ ಪೋಷಕರದು ಅಥವಾ ಗಾಡಿಯ ಒಡೆಯನದು: 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ. ಬಹಳ ತಂದೆಯರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರು ಮಗನ ಜಾಣತನವನ್ನು ನೆಂಟರ ಮುಂದೆ ಹೊಗಳಿಕೊಳ್ಳುತ್ತಾರೆ.

ಸಂಜೆಯಾಗುತ್ತಲೇ ಹಕ್ಕಿಗಳು ಮರಗಳಿಗೆ ಮರಳುತ್ತವೆ, ಹೊಲಗಳಿಂದ ಗಾಡಿಗಳು ಹೆದ್ದಾರಿಯನ್ನೇರುತ್ತವೆ. 2017ರ ಏಪ್ರಿಲಿನಿಂದೀಚೆಗೆ ತಯಾರಾದ ಗಾಡಿಗಳ ಮುಂದೀಪ ಹಗಲಲ್ಲೂ ತಾನೇ ಉರಿಯುತ್ತದೆ. ಹಳೆಯವುಗಳಲ್ಲಿ ದೀಪವೇ ಒಡೆದಿರುವುದುಂಟು. ಒಂದು ದೀಪ ಹತ್ತಿರ ಬರುತ್ತದೆ. ಅದು ಒಂದು ಗಾಡಿಯೋ, ಬಲಗಣ್ಣು ಕುರುಡಾದ ಲಾರಿಯೋ ಎಂಬುದು ಪಕ್ಕದಲ್ಲಿ ಹಾದುಹೋಗುವವರೆಗೂ ತಿಳಿಯುವುದಿಲ್ಲ. ಬಸ್ಸಿನ ಚಾಲಕ ಎಡಕ್ಕೆ ಸರಿದು ವೇಗವನ್ನು ತಗ್ಗಿಸುತ್ತಾನೆ. ಗಾಡಿಯೇ, ಗಂಡ, ಹೆಂಡತಿ, ನಡುವೆ ನಿದ್ದೆಗಣ್ಣಿನ ಮಗು. ಹೆಲ್ಮೆಟ್ಟು ಕನ್ನಡಿಯ ಕಂಬಿಗೆ ತೂಗಾಡುತ್ತಿದೆ.